ಕಡಲಿಗೂ ಒಂದು ಮುಂಗಾರು
(ನಿಂಬರ್ಗಾದಲ್ಲಿ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನಿಂದ ಬಂದ ಕೃಷಿ ವಿಜ್ಞಾನಿ ತೊಗರಿಯ ನಾಡಿನಲ್ಲಿ ಕಡಲಿನ ಮಾತೆತ್ತುವುದು ವಿಚಿತ್ರವೆನಿಸಬಹುದು. ಆದರೆ ನಿಮ್ಮ ಹೊಲಕ್ಕೆ ಮಳೆ ತರುವ ನೈಋತ್ಯ ಮಾರುತವೇ ಅರಬ್ಬೀ ಸಮುದ್ರಕ್ಕೂ ಗೊಬ್ಬರ ಒದಗಿಸುತ್ತದೆ.

ಮುಂಗಾರಿನಲ್ಲಿ ನಮ್ಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಮೇಲ್ಪದರದ ನೀರು ದಡದಿಂದ ದೂರ ಸರಿದಾಗ ಆಳದ ತಂಪು ನೀರು ನೈಟ್ರೇಟ್, ಫಾಸ್ಫೇಟ್‌ಗಳೊಡನೆ ಮೇಲೇಳುತ್ತದೆ. ಇವುಗಳಿಂದ ಡಯಾಟಮ್ ಎಂಬ ಸೂಕ್ಷ್ಮ ಸಸ್ಯಪ್ಲವಕಗಳು ಬೆಳೆಯುತ್ತವೆ. ಅವನ್ನು ತಿಂದು ಬೂತಾಯಿ ಮೀನು ಕೊಬ್ಬುತ್ತದೆ. ಮೇಲ್ನೀರು ಅತಿಯಾಗಿ ಕಾದರೆ ಅದು ಹಗುರಾಗಿ ಮುಚ್ಚಳದಂತೆ ನಿಂತು, ಆಳದ ನೀರಿನ ಏರಿಕೆಗೆ ಅಡ್ಡಿಯಾಗುತ್ತದೆ.

ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ದೊರೆತಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು; ಅನಂತರ ಚೇತರಿಸಿತು. ಕಡಲಿನ ಏರುಪೇರಿನ ಮೇಲೆ ಮರಿಮೀನುಗಳ ಬೇಟೆಯೂ ಸೇರಿದರೆ ಚೇತರಿಕೆ ಕಷ್ಟ. ಆ ಮರಿಗಳಲ್ಲಿ ಬಹುಪಾಲು ಊಟದ ತಟ್ಟೆಗೆ ಬರುವುದಿಲ್ಲ. ಕೋಳಿ, ಸೀಗಡಿಗಳ ಆಹಾರಕ್ಕೆ ಪುಡಿಯಾಗುತ್ತವೆ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಉಳಿದ ತಿಂಗಳುಗಳಲ್ಲೂ ಮರಿಮೀನು ಉಳಿಯಬೇಕು. ಬಿತ್ತನೆಯ ಬೀಜವನ್ನೇ ಉಂಡು ತೀರಿಸುವುದರ ಫಲವೇನೆಂದು ನಿಮಗೆ ಹೇಳಬೇಕಾಗಿಲ್ಲ. ಕರಾವಳಿಯ ಮೀನುಗಾರರು ಈ ಮಾತನ್ನು ಎತ್ತಿದಾಗ ಒಕ್ಕಲಿಗರಾದ ನಾವೂ ದನಿಗೂಡಿಸೋಣ.