ಮಾತ್ರೆಯೂ ಇರಲಿ, ಮಂಗಳಾರತಿಯೂ ಇರಲಿ

ಬ್ರೇಕಿಂಗ್ ನ್ಯೂಸ್ ಸ್ವಲ್ಪ ಪಕ್ಕಕ್ಕಿಟ್ಟು ಇವತ್ತು ಒಂದು ಹಳೇ ಸುದ್ದಿ ಹೇಳ್ತೀನಿ.

2001ರ ಆಗಸ್ಟ್ 6, ಬೆಳಗಿನ ಜಾವ. ತಮಿಳುನಾಡಿನ ಎರವಾಡಿ. ಅಲ್ಲಿನ ದರ್ಗಾಕ್ಕೆ ಬಂದರೆ ಮಾನಸಿಕ ಕಾಯಿಲೆ ವಾಸಿಯಾಗುತ್ತೆ ಅನ್ನೋ ನಂಬಿಕೆ. ಆ ನಂಬಿಕೆಯನ್ನೇ ದಂಧೆ ಮಾಡಿಕೊಂಡವರು ಸುತ್ತಮುತ್ತ ಶೆಡ್ ಹಾಕಿ ರೋಗಿಗಳನ್ನು ಇಟ್ಟುಕೊಂಡಿದ್ದರು. ಅಂಥದ್ದೊಂದು ಶೆಡ್‌ಗೆ ಬೆಂಕಿ ಬಿತ್ತು. ಓಡೋಣ ಅಂದ್ರೆ ಕಾಲಿಗೆ ಸರಪಳಿ. 28 ಜನ ಸತ್ತರು.

ಆಮೇಲೆ ದೇವಸ್ಥಾನ, ದರ್ಗಾ, ಮನೋರೋಗ ಅಂದ ತಕ್ಷಣ 'ಮೂಢನಂಬಿಕೆ' ಅಂತ ಪರದೆ ತುಂಬಾ ದಪ್ಪಕ್ಷರ ಹಾಕೋದು ನಮಗೆ ರೂಢಿಯಾಯ್ತು. ನಾನೂ ಹಾಕಿಸಿದ್ದೀನಿ.

ಆದರೆ ಇದೇ ತಮಿಳುನಾಡಿನ ಇನ್ನೊಂದು ಕಥೆ ಕೇಳಿ. 2000ದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ರಘುರಾಮ್ ಅವರ ತಂಡ ಮುತ್ತುಸ್ವಾಮಿ ದೇವಸ್ಥಾನವೊಂದರಲ್ಲಿ ತಂಗಿದ್ದ 31 ರೋಗಿಗಳನ್ನು ಅಧ್ಯಯನ ಮಾಡಿತು. ಅಲ್ಲಿ ಭೂತ ಬಿಡಿಸೋದಿಲ್ಲ, ಹೊಡೆಯೋದಿಲ್ಲ. ಬೆಳಿಗ್ಗೆ ಒಂದು ಪುಟ್ಟ ಪೂಜೆ. ಜೊತೆಗೆ ಮನೆಯವರೊಬ್ಬರು ಇರಬೇಕು. ಅಂಗಳ ಗುಡಿಸೋದು, ಗಿಡಕ್ಕೆ ನೀರು ಹಾಕೋದು ಇಂಥ ಕೆಲಸ. ದುಡ್ಡು ಕೇಳೋದಿಲ್ಲ. ಸರಾಸರಿ ಆರು ವಾರ ಇದ್ದವರಲ್ಲಿ ರೋಗಲಕ್ಷಣದ ಅಳತೆ ಸುಮಾರು ಶೇ 19ರಷ್ಟು ಇಳಿದಿತ್ತು! ಸಣ್ಣ ಅಧ್ಯಯನ, ಹೋಲಿಸೋಕೆ ಬೇರೆ ಗುಂಪೂ ಇರಲಿಲ್ಲ, ಒಪ್ಪಿಕೊಳ್ತೀನಿ. ದೇವರ ಪವಾಡ ಅಂತ ನಾನು ಹೇಳ್ತಿಲ್ಲ. 'ಹುಚ್ಚ' ಅಂತ ಕಲ್ಲು ಹೊಡೆಯದ ಒಂದು ಜಾಗ ಸಿಕ್ಕಿತ್ತು, ಅಷ್ಟೇ. ಅದು ಕಡಿಮೇನಾ?

ನಮ್ಮ ಸೋದರಮಾವನಿಗೂ ಅಂಥ ಜಾಗ ಇತ್ತು. ಊರ ಗುಡಿಯ ಜಗಲಿ. ಅರ್ಚಕರು ಅವನ ಕೈಲಿ ಹೂವು ಬಿಡಿಸ್ತಿದ್ರು, ಮಂಗಳಾರತಿಗೆ ಗಂಟೆ ಹೊಡೆಸ್ತಿದ್ರು. ಆಸ್ಪತ್ರೆ ಮಾತ್ರೆನೂ ನಡೀತಿತ್ತು. ಮಾವ ಚೆನ್ನಾಗೇ ಇದ್ದ. ಒಂದಿನ ನೆಂಟರೊಬ್ಬರು ಬಂದು, "ದೇವರ ಸೇವೆ ಮಾಡೋನಿಗೆ ಮಾತ್ರೆ ಯಾಕಮ್ಮಾ?" ಅಂದರು. ಅಜ್ಜಿ ನಿಲ್ಲಿಸಿಬಿಟ್ಟರು. ಎರಡು ತಿಂಗಳಿಗೆ ಮಾವ ಮನೆ ಬಿಟ್ಟು ಹೋದ. ನಮ್ಮಮ್ಮ ಇವತ್ತಿಗೂ ಜಾತ್ರೆಗೆ ಹೋದರೆ ದೇವರಿಗಿಂತ ಮೊದಲು ಜನರ ಮುಖ ನೋಡ್ತಾರೆ.

ಎರಡನ್ನೂ ಒಟ್ಟಿಗೆ ಇಟ್ಟುಕೊಂಡವರೂ ಇದ್ದಾರೆ. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. 2008ರಿಂದ ಅಲ್ಲಿ 'ದವಾ-ದುವಾ' ಶುರುವಾಯ್ತು. ದವಾ ಅಂದ್ರೆ ಔಷಧ, ದುವಾ ಅಂದ್ರೆ ಪ್ರಾರ್ಥನೆ. ಭಕ್ತರು ಮುಜಾವರರ ಹತ್ತಿರ ಬರ್ತಾರೆ. ಅವರು ಪ್ರಾರ್ಥನೆ ಮಾಡಿ, ಕಾಯಿಲೆಯ ಲಕ್ಷಣ ಕಂಡರೆ ಅಲ್ಲೇ ಇರುವ ಮನೋವೈದ್ಯರ ಹತ್ತಿರ ಕಳಿಸ್ತಾರೆ. ಡಾಕ್ಟರ್ ಹೇಳಿದರೆ ಕೇಳದ ಮನೆಯವರು ಮುಜಾವರರು ಹೇಳಿದರೆ ಮಾತ್ರೆ ತಗೋತಾರೆ. ನೋಡಿ, ಹೇಗಿದೆ!

2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿಗೆ ಸರಪಳಿ ಹಾಕೋದು ನಿಷಿದ್ಧ. ಎಲ್ಲೇ ಆಗಲಿ, ಯಾರೇ ಆಗಲಿ. ಟೆಲಿ-ಮನಸ್ ಸಹಾಯವಾಣಿ ಇದೆ: 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ದೇವಸ್ಥಾನ, ದರ್ಗಾ, ಚರ್ಚ್ ಸಮಿತಿಯವರು ಈ ಕಾರ್ಯಕ್ರಮ ನೋಡ್ತಾ ಇದ್ರೆ ಒಂದು ವಿನಂತಿ. ಸೇವೆಗಳ ದರಪಟ್ಟಿ ಬರೆಸಿರ್ತೀರಲ್ಲ, ಅದರ ಕೆಳಗೆ ಈ ಐದು ಅಂಕಿನೂ ಬರೆಸಿ.