ವ್ಯಸನಮುಕ್ತಿಗೆ ನೆರವಿನ ಸಭೆ: ಶಿರಗುಪ್ಪಿ ಗ್ರಾಮಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಭಾಷಣ



ತಾಯಿಯೊಬ್ಬರು ಕಚೇರಿಗೆ ಬಂದು, "ಮಗ ಕುಡಿಯೂದು ಬಿಟ್ಟಾನ್ರೀ ಸಾಹೇಬ್ರ. ಕಬ್ಬು ಕಡದು ಬಂದ ಮ್ಯಾಲ ಸಂಜಿಗೆ ಎಲ್ಲಿ ಕುಂದರಬೇಕು?" ಎಂದು ಕೇಳಿದರು. ಎಂಜಿನಿಯರಿಂಗ್ ಓದಿದ ನನ್ನಲ್ಲಿ ಉತ್ತರವಿರಲಿಲ್ಲ.

1935ರಲ್ಲಿ ಅಮೆರಿಕದ ಅಕ್ರಾನ್ ನಗರದಲ್ಲಿ, ಕುಡಿತದಿಂದ ನೊಂದ ಇಬ್ಬರು ಪರಸ್ಪರ ಮಾತನಾಡಿ ಆರಂಭಿಸಿದ ಕೂಟವೇ ಆಲ್ಕೊಹಾಲಿಕ್ಸ್ ಅನಾನಿಮಸ್. ಅಲ್ಲಿ ಶುಲ್ಕವಿಲ್ಲ, ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ನಮ್ಮ ರಾಜ್ಯದಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ಸಮೀಪದ ನೆರವನ್ನು ತಿಳಿಯಲು 14446ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಬಹುಕಾಲ ನಿತ್ಯ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಮೂರ್ಛೆ ಉಂಟಾಗಬಹುದು. ಅಂಥವರು ಮೊದಲು ವೈದ್ಯರನ್ನು ಕಾಣತಕ್ಕದ್ದು.

ನಮ್ಮ ಪ್ರತಿ ಕಾಮಗಾರಿಗೂ ಛಾಯಾಚಿತ್ರ, ಸಹಿ, ಹಾಜರಿ ಪುಸ್ತಕ ಬೇಕು. ಈ ಸಭೆಗೆ ಅವು ಯಾವುವೂ ಕೂಡದು. ಹೆಸರು ಹೊರಬಿದ್ದರೆ ಮರುವಾರ ಯಾರೂ ಬಾರರು. ವಾರಕ್ಕೊಂದು ಸಂಜೆ ಪಂಚಾಯತಿಯ ಕೊಠಡಿ, ಚಾಪೆ, ಚಹಾ ಇಷ್ಟೇ ಸಾಕು. ಕೀಲಿಯನ್ನು ಅವರ ಕೈಗೇ ಕೊಡೋಣ.

ಇದಕ್ಕೆ ಗ್ರಾಮಸಭೆಯು ಒಪ್ಪಿಗೆ ನೀಡಬೇಕೆಂದು ವಿನಂತಿಸುತ್ತೇನೆ. ಆ ತಾಯಿಗೆ ನಾನಿನ್ನೂ ಉತ್ತರ ಹೇಳಬೇಕಾಗಿದೆ.