ಗಾಡಿಯ ಹಿಂಬದಿಯ ಸದ್ದು

(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಿಜ್ಞಾನವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾನು ವಿಜ್ಞಾನಿಯಲ್ಲ, ಹಳೆಯ ಅಂಬಾಸಡರ್ ಕಾರೊಂದರ ಒಡೆಯ ಮಾತ್ರ. ಆ ಕಾರು ನನಗೆ ಕಲಿಸಿದ ಪಾಠವನ್ನೇ ತಮ್ಮ ಮುಂದಿಡುತ್ತೇನೆ.

ಅಂಬಾಸಡರನ್ನು ಹಿರಿಯರೆಲ್ಲ ಬಲ್ಲರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಅದು ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. 2014ರಲ್ಲಿ ತಯಾರಿಕೆ ನಿಂತಿತು. ಒಮ್ಮೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಮಡಕಶಿರದಿಂದ ರಾಯದುರ್ಗಕ್ಕೆ ಬರುತ್ತಿದ್ದಾಗ, ಬ್ರೇಕು ಒತ್ತಿದೊಡನೆ ಹಿಂಬದಿಯಿಂದ ‘ದಡ್’ ಎಂಬ ಸದ್ದು ಕೇಳಿಬಂದಿತು. ಮತ್ತೆ ಒತ್ತಿದೆ, ಮತ್ತೆ ಅದೇ ಸದ್ದು. ರಿಪೇರಿಯವರೊಬ್ಬರು ಬ್ರೇಕಿನ ದೋಷವೆಂದು ಹಿಂದಿನ ಎರಡೂ ಗಾಲಿಗಳ ಲೈನಿಂಗನ್ನು ಬದಲಾಯಿಸಿದರು. ಹಣ ಹೋಯಿತು, ಸದ್ದು ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಬಳಿಕ ವೃದ್ಧ ಮೆಕ್ಯಾನಿಕ್ ಒಬ್ಬರಲ್ಲಿಗೆ ಹೋದೆನು. ಅವರು ಸಲಕರಣೆಯನ್ನು ಮುಟ್ಟಲೇ ಇಲ್ಲ. “ಸದ್ದು ಎಂಥದು ಸ್ವಾಮಿ? ಒಂದೇ ಸಲವೋ, ಗಾಲಿ ತಿರುಗಿದಷ್ಟು ಸಲವೋ? ಬ್ರೇಕು ಬಿಟ್ಟರೂ ಇರುತ್ತದೆಯೋ?” ಎಂದು ಕೇಳಿದರು. ಒಂದೇ ಸಲ, ಬ್ರೇಕು ಹಿಡಿದಾಗ ಮಾತ್ರ ಎಂದೆನು.

ಮೊದಲು ಡಿಕ್ಕಿಯಲ್ಲಿದ್ದ ಜಾಕು, ಸ್ಟೆಪ್ನಿ ಎಲ್ಲವನ್ನೂ ಕೆಳಗಿಳಿಸಿದರು. ಸದ್ದು ನಿಲ್ಲಲಿಲ್ಲ. ಆಮೇಲೆ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಗಾಡಿಯನ್ನು ಬಿಟ್ಟು, ಕೈಬ್ರೇಕನ್ನು ಮೆಲ್ಲನೆ ಎಳೆಯಿಸಿದರು. ಕೈಬ್ರೇಕು ಹಿಂದಿನ ಗಾಲಿಗಳನ್ನಷ್ಟೇ ಹಿಡಿಯುತ್ತದೆ. ಆಗಲೂ ‘ದಡ್’ ಎಂದಿತು. ಮುಂದಿನ ಗಾಲಿಗಳು ನಿರಪರಾಧಿಗಳಾದವು. ಲೈನಿಂಗ್ ಸವೆದು ಅದರ ರಿವೆಟ್ಟು ಡ್ರಮ್ಮಿಗೆ ತಾಗಿದ್ದರೆ ಕೆರೆಯುವ ಸದ್ದು ಬರಬೇಕು. ಬೇರಿಂಗ್ ಕೆಟ್ಟಿದ್ದರೆ ಬ್ರೇಕು ಬಿಟ್ಟಾಗಲೂ ಗೊರಗುಡಬೇಕು. ಒಂದೇ ಪೆಟ್ಟಿನ ಸದ್ದೆಂದರೆ ಯಾವುದೋ ಭಾರವಾದ ವಸ್ತು ಅಲುಗುತ್ತಿದೆ ಎಂದೇ ಅರ್ಥ.

ವಿದ್ಯಾರ್ಥಿಗಳೇ, ಇಲ್ಲಿಯೇ ವಿಜ್ಞಾನವಿದೆ. ಬ್ರೇಕು ಗಾಲಿಯನ್ನು ಹಿಡಿದಾಗ, ತಿರುಗುವ ಗಾಲಿಯು ಅಚ್ಚಿನ ಕವಚವನ್ನೂ ತನ್ನೊಡನೆ ತಿರುಗಿಸಲು ಹವಣಿಸುತ್ತದೆ. ಅದನ್ನು ತಡೆಯುವುದು ಎರಡು ಪಕ್ಕದ ಕಮಾನು ಪಟ್ಟಿಗಳು. ಅಚ್ಚನ್ನು ಪಟ್ಟಿಗಳಿಗೆ ಬಿಗಿದಿರುವುದು ಯು-ಬೋಲ್ಟುಗಳು. ಗಾಡಿಯ ಕೆಳಗೆ ನೋಡಿದಾಗ ಎಡಬದಿಯ ಯು-ಬೋಲ್ಟಿನ ನಟ್ಟುಗಳು ಸಡಿಲಗೊಂಡಿದ್ದವು. ಪಟ್ಟಿಯ ತುದಿಯ ರಬ್ಬರು ಬುಷ್ಷೂ ಸವೆದಿತ್ತು. ಬ್ರೇಕು ಒತ್ತಿದಾಗಲೆಲ್ಲ ಅಚ್ಚು ಕದಲಿ ಬಡಿಯುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ಅಚ್ಚು ಸ್ಥಾನ ತಪ್ಪಿ ಗಾಡಿ ಪಕ್ಕಕ್ಕೆ ಎಳೆಯುತ್ತಿತ್ತು. ಹೊಸ ಲೈನಿಂಗನ್ನು ನಂಬಿ ಅದೇ ಗಾಡಿಯಲ್ಲಿ ನಾನು ಮಕ್ಕಳನ್ನು ಮತ್ತೆರಡು ಸಲ ಕೂರಿಸಿದ್ದೆನೆಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಹೊಸ ಬೋಲ್ಟು, ಹೊಸ ಬುಷ್ ಹಾಕಿಸಿದ ಮೇಲೆ ಸದ್ದು ಅಡಗಿತು.

ಪೋಷಕರಲ್ಲಿ ಎರಡು ಮಾತು: ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಮಕ್ಕಳೇ, ಲೆಕ್ಕ ತಪ್ಪಾದಾಗ ಇಡೀ ಹಾಳೆಯನ್ನು ಹರಿಯಬೇಡಿರಿ. ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಮೊದಲು ಕೇಳಿಕೊಳ್ಳಿರಿ. ಆ ವೃದ್ಧರು ಮಾಡಿದ್ದೂ ಅದನ್ನೇ.